ಅಕ್ಕ ಎನ್ನಲಾರದ ತಮ್ಮ

ಕನ್ನಡ ಮಾತನ್ನು ಕಟ್ಟಿದವರು ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಉಗ್ಗುವವರ ಕಷ್ಟ ಅವರ ತಲೆಗೆ ಹೊಳೆದಂತಿಲ್ಲ. ಅಮ್ಮ, ಅಪ್ಪ, ಅಣ್ಣ, ಅಕ್ಕ, ಅಜ್ಜ, ಅಜ್ಜಿ, ಅತ್ತೆ, ಅತ್ತಿಗೆ, ಕೊನೆಗೆ ಅಳಿಯನವರೆಗೂ ಹತ್ತಿರದ ಬಳಗವನ್ನೆಲ್ಲ ಗುಡ್ಡೆಹಾಕಿ ಒಂದೇ ಅಕ್ಷರದ ಹಿಂದೆ ಕೂರಿಸಿಬಿಟ್ಟಿದ್ದಾರೆ. ಬಾಯಿ ಸಲೀಸಾಗಿ ಆಡುವವರಿಗೆ ಇದು ಗಮನಕ್ಕೂ ಬರುವುದಿಲ್ಲ. ಆದರೆ ಆ ಒಂದು ಅಕ್ಷರ ಬಾರದ ಮಗು ಹುಟ್ಟಿದರೆ ಅದು ತನ್ನ ಮನೆಯವರನ್ನೇ ಕರೆಯಲಾರದೆ ಬೆಳೆಯಬೇಕಾಗುತ್ತದೆ.

ಅಂಥ ಒಬ್ಬನಿದ್ದ. ಮನೆಯಲ್ಲಿ ಅವನನ್ನು ತಮ್ಮ ಎನ್ನುತ್ತಿದ್ದರು. ಅಕ್ಕ ಕರೆದದ್ದನ್ನು ಕೇಳಿ ಅಮ್ಮನೂ ಕರೆದಳು, ಅಮ್ಮ ಕರೆದದ್ದನ್ನು ಕೇಳಿ ಬೀದಿಯವರು ಕರೆದರು, ಮುಂದೆ ಅವನ ಅಂಗಡಿಗೆ ಬರುವ ಮುದುಕರೂ ಹಾಗೆಯೇ ಕರೆದರು. ತಲೆ ನರೆತ ಮೇಲೂ ಅವನು ಊರಿಗೆಲ್ಲ ತಮ್ಮನೇ. ಶಾಲೆಯಲ್ಲಿ ಮಾತ್ರ ಹುಡುಗರು ಸ್ಟಾರ್ಟಿಂಗ್ ಟ್ರಬಲ್ ಎಂದು ಹೆಸರಿಟ್ಟಿದ್ದರು. ಒದ್ದರೂ ಹತ್ತದ ಸ್ಕೂಟರಿನಂತೆ ಅವನ ಮಾತು ಮೊದಲ ಅಕ್ಷರದಲ್ಲೇ ಕೈಕೊಡುತ್ತಿತ್ತು. ಒಮ್ಮೆ ಹತ್ತಿತೆಂದರೆ ಮುಂದೆ ತೊಂದರೆಯಿಲ್ಲ. ಅದರಲ್ಲೂ ಅ ಮತ್ತು ಕ ಅವನಿಗೆ ಆಗಿಬಾರದ ಅಕ್ಷರಗಳು.

ಅಮ್ಮನನ್ನು 'ಮ್ಮಾ' ಎಂದು ಕರೆದು ಪಾರಾಗಬಹುದಿತ್ತು, ಎಷ್ಟೋ ಮಕ್ಕಳು ಹಾಗೆಯೇ ಕರೆಯುತ್ತಾರೆ. ಅಪ್ಪ ಅವನಿಗೆ ತಿಳಿವಳಿಕೆ ಬರುವ ಮೊದಲೇ ತೀರಿಕೊಂಡಿದ್ದ. ಪೇಚೆಲ್ಲ ಅಕ್ಕನದ್ದು. ಅ ಬಿಟ್ಟು ಕರೆಯೋಣವೆಂದರೆ ಉಳಿಯುವುದು ಕ. ಹಾಗಾಗಿ ಅವಳನ್ನು ಬಾರೇ, ನೋಡೇ, ಏನೇ, ಇವಳೇ ಎಂದೆಲ್ಲ ಕರೆದನೇ ಹೊರತು ಅಕ್ಕ ಎಂದು ಒಮ್ಮೆಯೂ ಕರೆಯಲಿಲ್ಲ. ಅವಳೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಅವನಿಗಿಂತ ನಾಲ್ಕೇ ವರ್ಷ ದೊಡ್ಡವಳು, ಬಾಯಿ ಮಾತ್ರ ನಲವತ್ತು ವರ್ಷ ದೊಡ್ಡದು.

ಒಂದು ದಿನ ಅಮ್ಮ ಅವನನ್ನು ಅಂಗಡಿಗೆ ಅಕ್ಕಿ ತರಲು ಕಳಿಸಿದಳು. ಹುಡುಗ ಹೋದ, ಕಟ್ಟೆಯ ಮುಂದೆ ನಿಂತ, ಬಾಯಿ ತೆರೆದ. ಅ ಬರಲಿಲ್ಲ. ಹಿಂದೆ ನಿಂತವರು ಗೊಣಗತೊಡಗಿದರು, ಅಂಗಡಿಯವನು "ಏನಪ್ಪಾ, ಬೇಗ ಹೇಳು" ಎಂದ. ಗಾಬರಿಯಲ್ಲಿ ಬಾಯಿಗೆ ಯಾವುದು ಸುಲಭವಾಗಿ ಬಂತೋ ಅದನ್ನೇ ಹೇಳಿದ. ಗೋಧಿ ಹೊತ್ತುಕೊಂಡು ಮನೆಗೆ ಬಂದ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ಬೈಯಲು ಶುರು ಮಾಡಿದಾಗ ಅಕ್ಕ ಒಳಗಿನಿಂದ ಬಂದು ತಮ್ಮನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು. "ಅಂಗಡೀಲಿ ಅಕ್ಕಿ ಮುಗಿದಿತ್ತಂತೆ ಅಮ್ಮ, ಇಲ್ದಿದ್ರೆ ಗೋಧಿ ತಾ ಅಂತ ನಾನೇ ಅಂದಿದ್ದೆ" ಎಂದು ತಲೆಯ ಮೇಲೆ ಹೊಡೆದಂಥ ಸುಳ್ಳು ಹೇಳಿದಳು. ಆಮೇಲೆ ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಬೆನ್ನು ತಟ್ಟಿದಳು.

"ಒಳ್ಳೇದೇ ಮಾಡ್ದೆ ಕಣೋ. ಒಂದು ಮಾತು ಬರ್ಲಿಲ್ಲ ಅಂದ್ರೆ ಇನ್ನೊಂದು ಮಾತು ಹಾಕು. ಸುಮ್ನೆ ಬಾಯಿ ತೆರ್ಕೊಂಡು ನಿಲ್ಬೇಡ, ಜನ ನಗ್ತಾರೆ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಈ ಉಪಾಯವನ್ನು ಅವನು ಜೀವಮಾನವಿಡೀ ಬಿಡಲಿಲ್ಲ. ಅರ್ಧ ಕೇಳಬೇಕಾದಲ್ಲಿ ಮುಕ್ಕಾಲು ಕೇಳಿದ, ಕಡಲೆಬೀಜದ ಬದಲು ಬಿಸ್ಕತ್ತು ತಿಂದ. ಮಿಕ್ಕದ್ದನ್ನು ಅಕ್ಕ ನೋಡಿಕೊಂಡಳು. ಅವನ ತುಟಿ ಬಿಗಿದುಕೊಂಡರೆ ಸಾಕು, ಪಕ್ಕದಲ್ಲಿದ್ದ ಅವಳು ಆ ಮಾತನ್ನು ತಾನೇ ಹೇಳಿ ಮುಗಿಸುತ್ತಿದ್ದಳು. ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ ಎದುರಿಗಿದ್ದವರಿಗೆ ಅವನು ನಿಂತದ್ದೇ ಗೊತ್ತಾಗುತ್ತಿರಲಿಲ್ಲ.

ಶಾಲೆ ಮುಗಿದ ಮೇಲೆ ಅಕ್ಕನಿಗೆ ಊರಿನ ಆಸ್ಪತ್ರೆಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂರುವ ಕೆಲಸ ಸಿಕ್ಕಿತು. ಬಾಯಿಗೆ ತಕ್ಕ ಕೆಲಸ ಎಂದು ಎಲ್ಲರೂ ನಕ್ಕರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇಡೀ ದಿನ ಅವರಿಗೆ ಇವರನ್ನು, ಇವರಿಗೆ ಅವರನ್ನು ಜೋಡಿಸುತ್ತಿದ್ದಳು. ಆಸ್ಪತ್ರೆಯ ಎದುರಿಗೆ ಒಂದು ಕನ್ನಡಕದ ಅಂಗಡಿಯಿತ್ತು. ಅಕ್ಕ ಒಂದು ಮಧ್ಯಾಹ್ನ ತಮ್ಮನ ಕೈಹಿಡಿದು ಆ ಅಂಗಡಿಯ ಯಜಮಾನನ ಮುಂದೆ ತಂದು ನಿಲ್ಲಿಸಿದಳು.

"ಏನು ಓದಿದೀಯಪ್ಪ?" ಎಂದು ಯಜಮಾನ ಕೇಳಿದ. ತಮ್ಮ ಬೆವರಿದ. ಅಕ್ಕ ಉತ್ತರ ಹೇಳಿದಳು. ಯಜಮಾನ ಹುಬ್ಬೇರಿಸಿ, "ಇವನಿಗೆ ಮಾತು ಬರಲ್ವಾ?" ಎಂದ.

"ಬರುತ್ತೆ, ನಿಧಾನಕ್ಕೆ ಬರುತ್ತೆ. ನಿಮಗೆ ಬೇಕಾಗಿರೋದು ಕೈ, ಕಣ್ಣು. ಅವೆರಡೂ ಗಟ್ಟಿಯಾಗಿವೆ. ಬಾಯಿ ಬೇಕಾದ್ರೆ ರಸ್ತೆ ದಾಟಿ ಬನ್ನಿ, ನಾನಿದೀನಿ."

ಯಜಮಾನ ನಕ್ಕು ಒಪ್ಪಿಕೊಂಡ. ತಮ್ಮ ಆ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೆಲಸ ಕಲಿತ. ಗಾಜನ್ನು ನೀರು ತೊಟ್ಟಿಕ್ಕುವ ಕಲ್ಲಿನ ಚಕ್ರಕ್ಕೆ ಹಿಡಿದು ಫ್ರೇಮಿನ ಆಕಾರಕ್ಕೆ ಉಜ್ಜುವುದು, ಪ್ಲಾಸ್ಟಿಕ್ ಫ್ರೇಮನ್ನು ಬಿಸಿ ಮಾಡಿ ಹಿಗ್ಗಿಸಿ ಗಾಜು ಕೂರಿಸುವುದು, ಕಿವಿಯ ಹಿಂದೆ ಒತ್ತುವ ಕಡ್ಡಿಯನ್ನು ಬಗ್ಗಿಸಿ ಸರಿಮಾಡುವುದು. ಕೈ ಬಹಳ ಬೇಗ ಕೂತಿತು. ಇಲ್ಲೊಂದು ತಮಾಷೆಯಿತ್ತು: ಕನ್ನಡಕ ಎಂಬ ಮಾತು ಕಕಾರದಿಂದ ಶುರುವಾಗುತ್ತದೆ. ಹೊಟ್ಟೆಪಾಡಿನ ಮಾತೇ ಬಾಯಿಗೆ ಬಾರದವನಿಗೆ ಚಷ್ಮವೇ ಗತಿ. ಗಿರಾಕಿಗಳು ಅದನ್ನು ಅವನ ಶೋಕಿ ಎಂದುಕೊಂಡರು.

ಚಷ್ಮದ ದೆಸೆಯಿಂದಲೇ ಅವನಿಗೆ ಮದುವೆಯಾಯಿತು ಎನ್ನಬಹುದು. ಪೇಟೆಯಲ್ಲಿ ಮೊಳೆ, ಬೀಗ, ಚಿಲಕ ಮಾರುವ ಒಬ್ಬ ವ್ಯಾಪಾರಿಯ ಮಗಳು ತನ್ನ ಕನ್ನಡಕ ರಿಪೇರಿಗೆ ತಂದಿದ್ದಳು. ಆಮೇಲೆ ಮತ್ತೆ ಮತ್ತೆ ತಂದಳು. ಅಷ್ಟು ಸಲ ಕೆಡುವ ಕನ್ನಡಕ ಪ್ರಪಂಚದಲ್ಲಿಲ್ಲ ಎಂದು ಅಕ್ಕನಿಗೆ ಹೊಳೆಯಿತು. ಅವಳೇ ಮುಂದಾಗಿ ಅಮ್ಮನನ್ನೂ ತಮ್ಮನನ್ನೂ ಕರೆದುಕೊಂಡು ವ್ಯಾಪಾರಿಯ ಮನೆಗೆ ಹೋದಳು. ಅವರು ಗದ್ದ ಸವರಿಕೊಂಡು, "ನನ್ನ ಮಗಳಲ್ಲಿ ಏನು ನೋಡಿ ಇಷ್ಟಪಟ್ಟೆ?" ಎಂದು ನೇರವಾಗಿ ಕೇಳಿಬಿಟ್ಟರು. ಬಾಗಿಲ ಬಳಿ ಆ ಹುಡುಗಿ ನಿಂತಿದ್ದಳು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಗಾಬರಿಯಲ್ಲಿದ್ದ ತಮ್ಮನಿಗೆ ಕಂಡದ್ದು ಅದೊಂದೇ. ಹಿರಿಯರ ಮುಂದೆ ಚಷ್ಮ ಎಂದರೆ ಹಗುರವಾದೀತು ಎಂದು ಕನ್ನಡಕ ಎಂಬ ಮಾತಿಗೇ ಕೈ ಹಾಕಿದ.

"ನಿಮ್ಮ ಮಗಳ ಕ... ಕ..."

"ಕಣ್ಣು!" ಎಂದಳು ಅಕ್ಕ. "ನಿಮ್ಮ ಮಗಳ ಕಣ್ಣು ನೋಡಿ ಮನಸ್ಸು ಸೋತೆ ಅಂತಿದಾನೆ."

ಹುಡುಗಿ ಕೆಂಪಾಗಿ ಒಳಗೆ ಓಡಿದಳು, ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಮದುವೆ ಗಟ್ಟಿಯಾಯಿತು. ಕನ್ನಡಕ ಸಡಿಲವಾಗಿದೆ, ಅಂಗಡಿಗೆ ತಂದರೆ ಬಿಗಿ ಮಾಡಿಕೊಡುತ್ತೇನೆ ಎಂದು ಅವನು ಹೇಳಹೊರಟಿದ್ದ ಎಂಬುದು ದಾರಿಯಲ್ಲಿ ಗೊತ್ತಾದಾಗ ಅಕ್ಕ ರಸ್ತೆಯಲ್ಲೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹೋಗ್ಲಿ ಬಿಡೋ, ಕನ್ನಡಕದ ಹಿಂದೇನೇ ತಾನೇ ಕಣ್ಣಿರೋದು" ಎಂದಳು. ಅವಳು ಅವನ ಮಾತನ್ನು ತಪ್ಪಾಗಿ ತುಂಬಿದ್ದು ಅವನಿಗೆ ನೆನಪಿರುವ ಹಾಗೆ ಅಲ್ಲಿಯವರೆಗೆ ಅದೊಂದೇ ಸಲ.

ಅಷ್ಟರಲ್ಲಿ ಅಕ್ಕನಿಗೂ ಮದುವೆಯಾಗಿತ್ತು. ಭಾವ ಬಸ್ ಡಿಪೋದ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಮನೆ ಎರಡು ಬೀದಿಯಾಚೆ. "ನಿಮ್ಮಕ್ಕ ನನ್ನ ಮಾತನ್ನೂ ಅವಳೇ ಮುಗಿಸ್ತಾಳೆ ಮಾರಾಯ, ನನಗೆ ಉಗ್ಗೇ ಇಲ್ಲ ಅನ್ನೋದನ್ನ ಹೇಳೋಕೂ ಬಿಡಲ್ಲ" ಎಂದು ಭಾವ ಕಾಲೆಳೆಯುತ್ತಿದ್ದರು. ಮನೆಯಲ್ಲಿ ಯಾವ ಸಂಭ್ರಮವಿದ್ದರೂ ಬಾಗಿಲಲ್ಲಿ ನಿಂತು ಬಂದವರನ್ನು ಬನ್ನಿ ಎನ್ನುವವಳು ಅಕ್ಕ. ತಮ್ಮ ಅವಳ ಪಕ್ಕದಲ್ಲಿ ನಿಂತು ನಗುತ್ತಿದ್ದ, ಅಷ್ಟೇ ಅವನ ಪಾಲಿನ ಕೆಲಸ.

ಆದರೆ ಸಂಭ್ರಮದಲ್ಲಿ ಜೊತೆ ನಿಲ್ಲುವುದೇನು ದೊಡ್ಡ ಮಾತು. ತಮ್ಮನ ಮೊದಲ ಮಗು ಉಳಿಯಲಿಲ್ಲ. ಆಸ್ಪತ್ರೆಯ ಹಜಾರದಲ್ಲಿ ಗೋಡೆಗೊರಗಿ ನಿಂತಿದ್ದವನನ್ನು ಪರಿಚಯದವರೆಲ್ಲ "ಏನು ಮಗು?" ಎಂದು ನಗುತ್ತ ಕೇಳುತ್ತಿದ್ದರು, ಅವರಿಗೇನು ಗೊತ್ತು. ಅಕ್ಕ ಬೋರ್ಡು ಬಿಟ್ಟು ಎದ್ದು ಬಂದು ಅವನ ಮುಂದೆ ನಿಂತಳು. ಕೇಳಿದವರಿಗೆಲ್ಲ ಅವಳೇ ಉತ್ತರ ಕೊಟ್ಟಳು. ಆಮೇಲೆ ಬೋರ್ಡಿಗೆ ಹಿಂತಿರುಗಿ ನೆಂಟರಿಷ್ಟರಿಗೆಲ್ಲ ಒಬ್ಬೊಬ್ಬರಿಗಾಗಿ ಫೋನು ಮಾಡಿದಳು. ಆ ಒಂದು ವಾಕ್ಯವನ್ನು ತಮ್ಮ ಯಾರಿಗೂ ಹೇಳಬೇಕಾಗಿ ಬರಲಿಲ್ಲ. ಸಂಜೆ ಅವಳ ದನಿ ಕಟ್ಟಿ ಒರಟಾಗಿತ್ತು. "ನೆಗಡಿಯಾಯ್ತಾ?" ಎಂದು ಅವನು ಕೇಳಿದ. "ಹೂಂ ಕಣೋ" ಎಂದಳು. ಆ ದನಿ ಯಾಕೆ ಹಾಗಾಗಿತ್ತು ಎಂಬುದು ಅವನಿಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಗಾಜು ಉಜ್ಜುತ್ತ ಕುಳಿತಿದ್ದಾಗ, ಇದ್ದಕ್ಕಿದ್ದಂತೆ. ಚಕ್ರ ನಿಲ್ಲಿಸಿದ.

ಮುಂದೆ ಮಗಳು ಹುಟ್ಟಿದಳು. ಆ ಸುದ್ದಿಯನ್ನು ಅಕ್ಕ ಎಷ್ಟು ಜೋರಾಗಿ ಹೇಳಿದಳೆಂದರೆ ಅವತ್ತು ಫೋನಿನ ಅಗತ್ಯವೇ ಇರಲಿಲ್ಲ.

ಆಸ್ಪತ್ರೆಗೆ ಮಾತಿನ ತೊಂದರೆ ನೋಡುವ ಡಾಕ್ಟರಮ್ಮ ಬಂದಾಗ ತಮ್ಮನಿಗೆ ಮೂವತ್ತೈದು ದಾಟಿತ್ತು. ಈ ವಯಸ್ಸಿನಲ್ಲಿ ಅಕ್ಷರಾಭ್ಯಾಸವೇ ಎಂದು ಅವನು ತಲೆಯಲ್ಲಾಡಿಸಿದರೂ ಅಕ್ಕ ಬಿಡಲಿಲ್ಲ, ಸರದಿಯಲ್ಲಿ ಕೂರಿಸಿಯೇ ಬಂದಳು. ಉಸಿರು ಹೊರಬಿಡುತ್ತ ಅದರ ಜೊತೆಯಲ್ಲೇ ಮಾತನ್ನು ಮೆಲ್ಲಗೆ ಶುರುಮಾಡಬೇಕು, ತಳ್ಳಬಾರದು ಎಂದು ಡಾಕ್ಟರಮ್ಮ ಕಲಿಸಿದರು. ತಿಂಗಳುಗಟ್ಟಲೆ ಕಲಿತ. ಮೊದಲು ಅಳತೆ ಬಂತು, ಆಮೇಲೆ ಅಂಗಡಿ, ಅರ್ಧ. ಒಂದು ದಿನ ಕನ್ನಡಕವೂ ಬಂತು. ಅವತ್ತು ಬಂದ ಗಿರಾಕಿಗಳಿಗೆಲ್ಲ ಬೇಕಿರಲಿ ಬೇಡದಿರಲಿ ಕನ್ನಡಕ ಕನ್ನಡಕ ಎಂದದ್ದೇ ಎಂದದ್ದು.

ಬಚ್ಚಲಿನ ಕನ್ನಡಿಯ ಮುಂದೆ ಬಾಗಿಲು ಹಾಕಿಕೊಂಡು ಅಕ್ಕ ಎಂದು ನೋಡಿದ. ಬಂತು. ಮತ್ತೆ ಅಂದ, ಮತ್ತೆ ಬಂತು. ಆಗಲೇ ಎರಡು ಬೀದಿ ನಡೆದುಹೋಗಿ ಅವಳ ಅಡುಗೆಮನೆಯ ಬಾಗಿಲಲ್ಲಿ ನಿಂತು ಕರೆದುಬಿಡಬಹುದಿತ್ತು. ಅಷ್ಟು ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆಸಾಮಿಗೆ ಅಷ್ಟು ಸಾಲದಾಯಿತು. ಅವನಿಗೆ ನಾಲ್ಕು ಜನರ ಮುಂದೆ, ಮೈಕಿನಲ್ಲಿ ಹೇಳಬೇಕಿತ್ತು.

ಅದಕ್ಕೆ ಸಂದರ್ಭವೂ ಒದಗಿ ಬಂತು. ತಮ್ಮ ಸ್ವಂತ ಅಂಗಡಿ ತೆರೆಯಲು ಹೊರಟಿದ್ದ. ಮಾವ, ಅಂದರೆ ಹೆಂಡತಿಯ ತಂದೆ, ತಮ್ಮದೇ ಕಟ್ಟಡದ ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಅಂಗಡಿ ತೆರೆಯುವ ದಿನ ಮುಂದಿನ ಓಣಿಯಲ್ಲಿ ಕುರ್ಚಿ ಹಾಕಿಸಿ, ಬಾಡಿಗೆ ಮೈಕು ತರಿಸಿ, ಬಂದವರಿಗೆ ಟೀ ಬಿಸ್ಕತ್ತು ಎಂದು ಗೊತ್ತುಮಾಡಿದರು. ಅಮ್ಮ ತೀರಿಕೊಂಡು ವರ್ಷವಾಗುತ್ತ ಬಂದಿತ್ತು, ಮನೆಯವರಿಗೂ ಒಂದು ಸಂತೋಷದ ದಿನ ಬೇಕಾಗಿತ್ತು. ತಮ್ಮ ತಾನೇ ಮಾತಾಡುತ್ತೇನೆ ಎಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಅವನು ಅಕ್ಕನನ್ನು ಪಕ್ಕಕ್ಕೆ ಕರೆದ.

"ನೋಡೇ, ಇವತ್ತು ನೀನು ಬಾಯಿ ಹಾಕ್ಬಾರ್ದು. ನಾನು ನಿಂತ್ರೂ ಸರಿ, ಬಿದ್ರೂ ಸರಿ."

"ಆಯ್ತಪ್ಪ, ನನ್ನ ಬಾಯಿಗೆ ನಮ್ಮ ಆ ಮೊಳೆ ಮಾವನ ಅಂಗಡಿಯಿಂದಾನೇ ಒಂದು ಬೀಗ ತಂದು ಹಾಕು" ಎಂದಳು. ಅವಳ ಮುಖ ಹಿಗ್ಗಿತ್ತು.

ಮಾತು ಚೆನ್ನಾಗಿಯೇ ಶುರುವಾಯಿತು. ಬಂದವರಿಗೆ ನಮಸ್ಕಾರ ಹೇಳಿದ, ಹಳೆಯ ಯಜಮಾನನನ್ನು ನೆನೆದ, ಒಂದು ಸಣ್ಣ ಜೋಕೂ ಹೇಳಿದ. ಜನ ನಕ್ಕರು. ಆಮೇಲೆ ಉಸಿರೆಳೆದುಕೊಂಡು ಮುಖ್ಯವಾದದ್ದಕ್ಕೆ ಬಂದ.

"ನಾನಿವತ್ತು ಇಲ್ಲಿ ನಿಂತಿದ್ದೀನಂದ್ರೆ ಇದರ ಹಿಂದೆ ಒಬ್ಬರೇ ಒಬ್ಬರು ಇರೋದು. ನಾನು ಬಿದ್ದಾಗ ಹಿಡಿದಿದ್ದು, ನನ್ನ ಪರ ನಿಂತಿದ್ದು, ನನ್ನ ಬದುಕು ನೆಟ್ಟಗೆ ಮಾಡಿದ್ದು ಒಬ್ಬರೇ. ಯಾರೂಂದ್ರೆ, ನನ್ನ..."

ನಿಂತಿತು. ಬಾಯಿ ತೆರೆದಿದೆ, ಉಸಿರು ಇಲ್ಲ, ದನಿ ಇಲ್ಲ. ಡಾಕ್ಟರಮ್ಮ ಕಲಿಸಿದ್ದೆಲ್ಲ ತಲೆಯಿಂದ ಹಾರಿಹೋಯಿತು. ಮೈಕು ಸುಮ್ಮನೆ ಗುಂಯ್ ಎನ್ನುತ್ತಿತ್ತು. ಯಾರೋ ಕೆಮ್ಮಿದರು. ಎರಡನೆಯ ಸಾಲಿನಲ್ಲಿ ಅಕ್ಕ ಕೈಗಳನ್ನು ತೊಡೆಯ ಮೇಲೆ ಬಿಗಿಯಾಗಿ ಹೆಣೆದುಕೊಂಡು, ತುಟಿ ಕಚ್ಚಿಕೊಂಡು ಕುಳಿತಿದ್ದಳು. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದಳು ಪುಣ್ಯಾತಗಿತ್ತಿ. ಮುಂದಿನ ಸಾಲಿನಲ್ಲಿ ಮಾವ ಕುರ್ಚಿಯ ತುದಿಗೆ ಬಂದು ಅವನನ್ನೇ ನೋಡುತ್ತಿದ್ದರು. ಹಿಂದೆ ಜನ ಗೊಣಗತೊಡಗಿದಂತೆ ತಮ್ಮನಿಗೆ ಭಾಸವಾಯಿತು. ಬಾಯಿ ತನಗೆ ಅಭ್ಯಾಸವಿದ್ದ ದಾರಿ ಹಿಡಿಯಿತು, ಸುಲಭವಾದದ್ದನ್ನು ಹಾಕಿತು.

"...ಮಾವ."

ಚಪ್ಪಾಳೆ ಬಿತ್ತು. ಮೊಳೆ ಬೀಗ ಮಾರುತ್ತ ಮಾರುತ್ತ ಮುಖವನ್ನೂ ಹಾಗೆಯೇ ಮಾಡಿಕೊಂಡಿದ್ದ ಮಾವ ಎದ್ದು ಬಂದು, ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು, ಅಳಿಯನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಅವರ ಭುಜದ ಮೇಲಿನಿಂದ ತಮ್ಮ ಎರಡನೆಯ ಸಾಲಿನತ್ತ ನೋಡಿದ. ಅಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ಟೀ ಕುಡಿಯುವಾಗ ಅವಳು ಬಳಿಗೆ ಬಂದು, "ಚೆನ್ನಾಗಿ ಮಾತಾಡ್ದೆ ಕಣೋ, ಒಂದೇ ಒಂದು ಕಡೆ ನಿಂತೆ. ನಾನು ಬಾಯಿ ಬಿಡ್ಲಿಲ್ಲ, ನೋಡಿದ್ಯಲ್ಲ?" ಎಂದಳು. ತಮ್ಮ ತಲೆಯಾಡಿಸಿದ. ಇವಳಿಗೆ ಗೊತ್ತಾಗಿದೆ ಎಂದುಕೊಂಡ. ನನ್ನ ತುಟಿ ನೋಡಿಯೇ ಮಾತು ಹೇಳುವವಳು, ಇದೊಂದು ಗೊತ್ತಾಗದೇ ಇರುತ್ತದೆಯೇ? ಈ ಸಮಾಧಾನವನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ಮನುಷ್ಯ ತನ್ನ ತಪ್ಪಿಗೆ ಹಾಸಿಗೆ ಹಾಸಿಕೊಡುವುದರಲ್ಲಿ ಎಂಥ ಜಾಣ ನೋಡಿ.

ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು. "ನಿಜ ಹೇಳಿ, ನೀವು ನಮ್ಮಪ್ಪನ್ನೇ ಹೇಳೋಕೆ ಹೊರಟಿದ್ರಾ?"

"ಹೂಂ," ಎಂದ.

"ಸರಿ ಹಾಗಿದ್ರೆ," ಎಂದಳು ಅವಳು. ನಂಬಿದಳೆಂದಲ್ಲ.

ಮರುದಿನವೇ ಸರಿಪಡಿಸಬಹುದಿತ್ತು ಎಂದು ನಾವು ನೀವು ಹೇಳಬಹುದು. ಹೇಗೆ ಸರಿಪಡಿಸುವುದು? ಮಾವ ಆ ಒಂದು ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಊರೆಲ್ಲ ತಿರುಗಿದರು. ಚಿಲಕ ಕೊಳ್ಳಲು ಬಂದವರಿಗೂ, "ನನ್ನ ಅಳಿಯ ಅಷ್ಟು ಜನದ ಮುಂದೆ ಏನು ಹೇಳ್ದ ಗೊತ್ತಾ?" ಎಂದು ಶುರುಮಾಡುತ್ತಿದ್ದರು. ಸ್ವಂತ ಗಂಡುಮಕ್ಕಳಿಂದಲೂ ಒಂದು ಒಳ್ಳೆಯ ಮಾತು ಕೇಳದ ಮುದುಕ. ಅದು ಬಾಯಿ ತಪ್ಪಿ ಬಂದದ್ದು ಎಂದು ಹೇಳಲು ಕಟುಕನ ಮನಸ್ಸು ಬೇಕು. ಅಕ್ಕನಿಗೆ ಗುಟ್ಟಾಗಿ 'ನಿನ್ನನ್ನೇ ಹೇಳಬೇಕೆಂದಿದ್ದೆ' ಎನ್ನಬಹುದಿತ್ತು. ಅವಳಿಗೆ ಹೇಗೂ ಗೊತ್ತಲ್ಲ ಎಂದು ಅವನು ಬಿಟ್ಟ. ನಾಳೆ ಹೇಳಿದರಾಯಿತು ಎಂದೂ ಬಿಟ್ಟ. ಜೊತೆಗೆ, ಅವತ್ತು ಮೈಕಿನ ಮುಂದೆ ನಿಂತಮೇಲೆ ಆ ಮಾತು ಮತ್ತೆ ಕಗ್ಗಂಟಾಗಿ ಕುಳಿತಿತ್ತು. ಬಚ್ಚಲಿನ ಕನ್ನಡಿಯ ಮುಂದೆಯೂ ಬರಲಿಲ್ಲ.

ಅಕ್ಕ ಅವತ್ತಿನಿಂದ ಅವನ ಮಾತು ತುಂಬುವುದನ್ನು ನಿಲ್ಲಿಸಿದಳು. ಕೋಪದಿಂದಲ್ಲ. ಅವನು ನಿಂತರೆ ಅವಳೂ ನಿಂತು, ನಗುಮುಖದಿಂದ, ಅವನೇ ಮುಗಿಸಲಿ ಎಂದು ಕಾಯುತ್ತಿದ್ದಳು. ಬೇರೆಯವರು ತುಂಬಲು ಹೋದರೆ, "ತಡೀರಿ, ಅವನೇ ಹೇಳ್ತಾನೆ" ಎಂದು ತಡೆಯುತ್ತಿದ್ದಳು. ವರ್ಷದೊಳಗೆ ಭಾವನಿಗೆ ದೂರದ ಡಿಪೋಗೆ ವರ್ಗವಾಯಿತು. ಆಸ್ಪತ್ರೆಯಲ್ಲೂ ತಾನೇ ಉತ್ತರ ಹೇಳುವ ಯಂತ್ರ ಬಂದು ಬೋರ್ಡು ಮೂಲೆಗೆ ಬಿದ್ದಿತ್ತು. ಅಕ್ಕ ಕೆಲಸ ಬಿಟ್ಟು ಗಂಡನ ಜೊತೆ ಹೊರಟಳು.

ಆಮೇಲೆ ಉಳಿದದ್ದು ಫೋನು. ಉಗ್ಗುವವರಿಗೆ ಫೋನಿನಷ್ಟು ದೊಡ್ಡ ಶಿಕ್ಷೆ ಇನ್ನೊಂದಿಲ್ಲ, ಯಾಕೆಂದರೆ ಅಲ್ಲಿ ಮುಖ ಕಾಣುವುದಿಲ್ಲ. ಒಂದೆರಡು ಸಲ ತಮ್ಮ ಗಟ್ಟಿಮನಸ್ಸು ಮಾಡಿ ಹೇಳಲು ಹೊರಟ. ಅವನು ಗಂಟಲಲ್ಲಿ ಸಿಕ್ಕ ಅಕಾರದೊಡನೆ ಒದ್ದಾಡುತ್ತಿರುವಾಗ ಆಚೆಯಿಂದ ಅಕ್ಕ, "ಹಲೋ, ಹಲೋ? ಥತ್, ಲೈನ್ ಕಟ್ಟಾಯ್ತು" ಎಂದು ಇಟ್ಟುಬಿಡುತ್ತಿದ್ದಳು. ಅರ್ಧ ಆಯುಸ್ಸು ಬೋರ್ಡಿನ ಮುಂದೆ ಕಳೆದವಳಿಗೆ ಮೌನವೆಂದರೆ ಕಟ್ಟಾದ ಲೈನು. ಮತ್ತೆ ಫೋನು ಮಾಡಿದಾಗ ಮಾತು ಮಕ್ಕಳ ಓದು, ಮಂಡಿನೋವು ಎಂದು ಬೇರೆಡೆ ಹೋಗಿರುತ್ತಿತ್ತು.

ಹೀಗೆ ಹತ್ತು ಹನ್ನೆರಡು ವರ್ಷ ಕಳೆದವು. ಮಾವ ತೀರಿಕೊಂಡರು. ಕೊನೆಯ ದಿನಗಳಲ್ಲೂ ನರ್ಸಿಗೆ ಅಳಿಯನನ್ನು ತೋರಿಸಿ ಅದೇ ಮಾತು ಹೇಳಿದ್ದರು. ಮನೆ ತಣ್ಣಗಾದ ಮೇಲೆ ಹೆಂಡತಿ ಒಂದು ಬೆಳಗ್ಗೆ ಅವನ ಮುಂದೆ ಕಾಫಿ ಇಟ್ಟು, "ನಮ್ಮಪ್ಪ ಸಂತೋಷವಾಗಿ ಹೋದ್ರು, ಆ ಋಣ ನಂಗಿದೆ. ಇನ್ನಾದ್ರೂ ಹೋಗಿ ಅವ್ರಿಗೆ ಹೇಳಿ ಬನ್ನಿ" ಎಂದಳು. ಯಾರಿಗೆ ಎಂದು ಅವನು ಕೇಳಲಿಲ್ಲ.

ಬಸ್ ನಿಲ್ದಾಣಕ್ಕೆ ಭಾವ ಬಂದಿದ್ದರು. ನಿವೃತ್ತರಾಗಿದ್ದರು, ತಲೆಯಲ್ಲಿ ಕೂದಲಿರಲಿಲ್ಲ, ತಮಾಷೆ ಮಾತ್ರ ಉದುರಿರಲಿಲ್ಲ. ಮನೆಗೆ ನಡೆಯುತ್ತ ಮಾತಿಗೆ ಮಾತು ಬಂದು ಹೇಳಿದರು.

"ಈ ಊರಿಗೆ ಬರಲೇಬೇಕು ಅಂತೇನೂ ಇರ್ಲಿಲ್ಲ ಕಣಯ್ಯ. ಬೇಡ ಅಂತ ಒಂದು ಅರ್ಜಿ ಕೊಟ್ಟಿದ್ರೆ ಅಲ್ಲೇ ಬಿಡ್ತಿದ್ರು. ನಾನು ಇವಳನ್ನ ಕೇಳ್ದೆ, ನಿನ್ ತಮ್ಮನಿಗೆ ನೀನು ಬೇಕಲ್ಲೇ, ಹೇಗೆ ಅಂತ. 'ಅವನಿಗೆ ಈಗ ಮಾತು ಬಂದಿದೆ, ಜೊತೆಗೆ ಮಾವ ಇದಾರೆ, ನಾನ್ಯಾಕೆ ಅಡ್ಡ, ಹೋಗೋಣ ನಡೀರಿ' ಅಂದ್ಲು. ನಂಗೂ ಪ್ರಮೋಷನ್ ಸಿಕ್ತು ಅನ್ನು."

ತಮ್ಮ ರಸ್ತೆಯ ಬದಿಯಲ್ಲಿ ನಿಂತುಬಿಟ್ಟ. ಚಪ್ಪಲಿಗೆ ಕಲ್ಲು ಸಿಕ್ಕಿತು ಎಂದು ಹೇಳಿ ಬಗ್ಗಿದ. ಎದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅಕ್ಕ ಒಣಗಿದ ಬಟ್ಟೆಗಳನ್ನು ಮಂಚದ ಮೇಲೆ ಹಾಕಿಕೊಂಡು ಮಡಿಸುತ್ತಿದ್ದಳು. ತೂಕ ಇಳಿದಿದ್ದಳು. ಅವನನ್ನು ನೋಡಿ ಮುಖವೆಲ್ಲ ನಗುವಾಗಿ, ಬಾಯಿಗೆ ಬಂದದ್ದನ್ನೆಲ್ಲ ಕೇಳಿದಳು. ಭಾವ ಹಾಲು ತರುತ್ತೇನೆಂದು ಹೊರಗೆ ಹೋದರು.

"ನಾನೊಂದು ಮಾತು ಹೇಳ್ಬೇಕು," ಎಂದ ತಮ್ಮ.

"ಹೇಳು. ಮೊದ್ಲು ಆ ತುದಿ ಹಿಡ್ಕೋ, ಇದು ಒಬ್ಬಳ ಕೈಲಿ ಆಗಲ್ಲ." ದೊಡ್ಡ ಬೆಡ್‌ಶೀಟಿನ ಎರಡು ಮೂಲೆಗಳನ್ನು ಅವನ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತರು.

"ಹೊಸ ಅಂಗಡಿ ಶುರುವಾದ ದಿನ, ಮೈಕಿನ ಮುಂದೆ, ನಾನು ಹೇಳೋಕೆ ಹೊರಟಿದ್ದು ಮಾವನ್ನಲ್ಲ. ಬಾಯಿ ತಪ್ಪಿತು. ನಾನು ಹೇಳ್ಬೇಕಂತ ಇದ್ದಿದ್ದು..."

ನಿಂತಿತು. ಅಕ್ಕ ಕಾದಳು. ವರ್ಷಗಳಿಂದ ಅವನ ಮುಂದೆ ಹೇಗೆ ಕಾಯುತ್ತಿದ್ದಳೋ ಹಾಗೆಯೇ ಕಾದಳು. ಆದರೆ ಅವನ ಮುಖದ ಸಂಕಟ ನೋಡಲಾಗಲಿಲ್ಲವೇನೋ, ಹಳೆಯ ಅಭ್ಯಾಸ ನುಗ್ಗಿ ಬಂತು.

"ಅಮ್ಮನ್ನ, ಅಲ್ವಾ?" ಎಂದಳು ಮೆಲ್ಲಗೆ. "ಅವತ್ತು ನೀನು ನಿಂತಾಗ ನಂಗೂ ಹಾಗೇ ಅನ್ನಿಸಿತ್ತು ಕಣೋ. ಅಮ್ಮ ಹೋಗಿ ಇನ್ನೂ ವರ್ಷ ತುಂಬಿರ್ಲಿಲ್ಲ, ಇವನು ಅವಳ ಸುದ್ದೀನೇ ಎತ್ತಲಿಲ್ವಲ್ಲ ಅಂತ ಸ್ವಲ್ಪ ಬೇಜಾರೂ ಆಯ್ತು. ಹೋಗ್ಲಿ ಬಿಡು, ಇಷ್ಟಕ್ಕೆ ಇಷ್ಟು ದೂರ ಬಂದ್ಯಾ?"

ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನು ಹಾಸಿಕೊಂಡು ಮಲಗಿದ್ದ ಸಮಾಧಾನ ಬರೀ ಸುಳ್ಳಾಗಿತ್ತು. ಅವಳು ಮನೆ ಬಿಟ್ಟು, ಕೆಲಸ ಬಿಟ್ಟು, ಊರು ಬಿಟ್ಟು ಹೋದದ್ದು ತಾನು ಬೇಡವಾದೆ ಎಂದುಕೊಂಡು. ಬೇಜಾರಾಗಿದ್ದದ್ದೂ ತನಗಾಗಿ ಅಲ್ಲ, ಅಮ್ಮನಿಗಾಗಿ. ತಮ್ಮ ತಲೆಯಲ್ಲಾಡಿಸಿದ. ತಳ್ಳಲಿಲ್ಲ. ಉಸಿರು ಬಿಟ್ಟ, ಬಿಡುತ್ತಲೇ ಇದ್ದ, ಅದರ ಜೊತೆಯಲ್ಲಿ ಆ ಮಾತು ತಾನಾಗಿ ಹೊರಗೆ ಬಂತು.

"ಅಕ್ಕ."

"ಏನೋ?" ಎಂದಳು ಅವಳು.

"ಅಕ್ಕ."

"ಏನೂಂತ ಹೇಳೋ. ಬೆಡ್‌ಶೀಟ್ ನೆಲಕ್ಕೆ ತಾಗ್ತಿದೆ ನೋಡು."

ಅವನು ಮೂಲೆ ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತ. ಅವಳು ಇನ್ನೇನೋ ಹೇಳಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಕೈಯಲ್ಲಿದ್ದ ತುದಿಗಳು ಜಾರಿದವು. ಮಂಚದ ಮೇಲೆ, ಬಟ್ಟೆಗಳ ಮೇಲೆಯೇ ಕುಳಿತುಕೊಂಡಳು.

"ನಾನಾ?" ಎಂದಳು.

ತಮ್ಮ ಹೌದೆಂದು ತಲೆಯಾಡಿಸಿದ.

"ನಂಗೆ ಹೊಳೀಲೇ ಇಲ್ಲ ಕಣೋ," ಎಂದಳು. "ನಿನ್ನ ಬಾಯಲ್ಲಿ ಸಿಕ್ಕಿರೋ ಮಾತು ಯಾವ್ದು ಯಾವ್ದು ಅಂತ ಚಿಕ್ಕಂದಿನಿಂದ ಹುಡುಕಿದೀನಿ. ಅಲ್ಲಿ ನಾನೇ ಇರ್ತೀನಿ ಅಂತ ಒಂದ್ಸಲಾನೂ ಅಂದ್ಕೊಳ್ಲಿಲ್ಲ."

ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನೊಂದ್ಸಲ ಕರಿ," ಎಂದಳು.

ತಮ್ಮ ಬಾಯಿ ತೆರೆದ. ಬರಲಿಲ್ಲ. ಅಕ್ಕ ಅವನ ತುಟಿಗಳನ್ನೇ ನೋಡುತ್ತ ಕಾದು ಕುಳಿತಳು.